ಕರಾವಳಿ ರೆಸಾರ್ಟಿಗೆ ಇಬ್ಬರೇ ಹೋದಾಗ ಊಟಕ್ಕೆ ಏನು ಮಾಡುತ್ತೀರಿ?

ದಾವಣಗೆರೆ ಟೀಚರ್

ರೂಮು ಚೆನ್ನಾಗಿದೆ, ಎದುರಿಗೇ ಕಡಲಿದೆ, ಊಟ ಮಾತ್ರ ಯಾವುದೋ ಊರಿನ ರಿಸೆಪ್ಷನ್ ಬಫೆ ಥರ ಇದೆ. ಕರಾವಳಿಯ ರೆಸಾರ್ಟುಗಳಲ್ಲಿ ನಿಮಗೂ ಹೀಗೆ ಆಗಿದೆಯಾ? ನಮ್ಮದನ್ನು ಬರೆಯುತ್ತೇನೆ, ಗೊತ್ತಿದ್ದವರು ಸೇರಿಸಿ.

ಮಕ್ಕಳಿಬ್ಬರೂ ಹಾಸ್ಟೆಲ್ ಸೇರಿದ ಮೇಲೆ ನಾನೂ ನಮ್ಮವರೂ ಡಿಸೆಂಬರಿನಲ್ಲಿ ಗೋಕರ್ಣದ ಹತ್ತಿರ ಒಂದು ರೆಸಾರ್ಟಿಗೆ ಹೋಗಿದ್ದೆವು. ಅದರ ಹೆಸರು ಬೇಡ. ಹಾವೇರಿ, ಶಿರಸಿ ಮೇಲೆ ಹೋಗಿ ದೇವಿಮನೆ ಘಾಟಿ ಇಳಿದೆವು. ಇಂಥದ್ದು ನೋಡಲೇಬೇಕು ಅಂತ ಪಟ್ಟಿ ಏನೂ ಇರಲಿಲ್ಲ. ಬಿಸಿಲೇರುವ ಮೊದಲು ಕುಡ್ಲೆ ಬೀಚಿನಲ್ಲಿ ಬರಿಗಾಲಲ್ಲಿ ನಡೆಯುವುದು, ಮಧ್ಯಾಹ್ನ ಮಲಗುವುದು, ಸಂಜೆ ಮತ್ತೆ ನೀರಿಗೆ ಕಾಲು ಹಾಕಿಕೊಂಡು ಕೂರುವುದು. ಒಂದು ಬೆಳಿಗ್ಗೆ ಗುಡ್ಡ ಹತ್ತಿ ಇಳಿದು ಓಂ ಬೀಚಿಗೆ ಹೋದೆವು, ಅಷ್ಟೇ. ನಮ್ಮವರು ಬ್ಯಾಂಕಿನಲ್ಲಿದ್ದಾರೆ, ಊಟದ ತಟ್ಟೆ ಮುಂದೆಯೂ ಫೋನ್ ಬಿಡದವರು. ಅಲ್ಲಿ ಫೋನನ್ನು ರೂಮಿನಲ್ಲೇ ಇಟ್ಟು ಬರುತ್ತಿದ್ದರು. ಮಕ್ಕಳ ಫೀಸು, ಮನೆ ಸಾಲ ಬಿಟ್ಟು ಬೇರೆ ಮಾತಾಡಿ ಎಷ್ಟು ಕಾಲವಾಗಿತ್ತೋ! ಆ ಮಟ್ಟಿಗೆ ರಜೆ ಸಾರ್ಥಕ.

ಊಟದ ವಿಷಯಕ್ಕೆ ಬರುತ್ತೇನೆ. ಮೊದಲ ರಾತ್ರಿ ಬಫೆಯಲ್ಲಿ ಪನೀರ್ ಬಟರ್ ಮಸಾಲ, ಗೋಬಿ ಮಂಚೂರಿ, ಜೀರಾ ರೈಸ್, ದಾಲ್. ಮೀನು ಅಂತ ಇದ್ದದ್ದು ಫಿಶ್ ಫಿಂಗರ್ ಒಂದೇ. ಯಾವ ಮೀನು ಅಂತ ಕೇಳಿದೆ. ಬಾಸಾ ಅಂದ ಹುಡುಗ. ಅಲೆಯ ಸದ್ದು ಟೇಬಲಿಗೆ ಕೇಳಿಸುತ್ತಿದೆ, ತಟ್ಟೆಯಲ್ಲಿ ಫ್ರೀಜರಿನ ಬಾಸಾ! ನನಗೆ ನಿಜವಾಗಿ ಬೇಜಾರಾಯಿತು.

ಮಾರನೇ ದಿನ ಮಧ್ಯಾಹ್ನ ಅಡುಗೆಮನೆ ಹಿಂದಿನ ದಾರಿಯಲ್ಲಿ ಬರುತ್ತಿದ್ದೆವು. ಹುರಿದ ಕೊತ್ತಂಬರಿ, ಕಾಯಿ ರುಬ್ಬಿದ ವಾಸನೆ. ಕೆಲಸದವರು ಕಟ್ಟೆ ಮೇಲೆ ಕೂತು ಉಣ್ಣುತ್ತಿದ್ದರು. ಕುಚ್ಚಲಕ್ಕಿ ಅನ್ನ, ಬಂಗಡೆ ಸಾರು, ಪಕ್ಕದಲ್ಲಿ ಉಪ್ಪಿನಲ್ಲಿ ಹಾಕಿಟ್ಟ ಮಾವಿನಕಾಯಿ. ಪಾತ್ರೆ ತೊಳೆಯಲು ಬರುವ ಅಮ್ಮ ಒಬ್ಬರು ಮಾಡಿದ್ದಂತೆ. "ಇದು ನಮ್ಮ ಊಟ ಮೇಡಂ, ಗೆಸ್ಟಿಗೆ ಕೊಡೂದಿಲ್ಲ, ಮುಳ್ಳು ಜಾಸ್ತಿ" ಅಂದರು. ನಾನು ಮ್ಯಾನೇಜರ್ ಹತ್ತಿರ ಹೋಗಿ ನಮಗೆ ನಾಳೆ ಅದೇ ಬೇಕು, ಎಷ್ಟಾದರೂ ಬಿಲ್ ಹಾಕಿ ಅಂದೆ. ಅವರು ಒಪ್ಪಿದರು.

ಆ ಸಾರನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಬ್ಯಾಡಗಿ ಮೆಣಸಿನ ಕೆಂಪು, ಖಾರ ಹದವಾಗಿ. ಹುಳಿಗೆ ಒಣಗಿದ ಮುರುಗಲು (ಕೋಕಂ) ಸಿಪ್ಪೆ. ಇಳಿಸುವ ಹೊತ್ತಿಗೆ ಆ ಅಮ್ಮ ನಾಲ್ಕಾರು ಜುಮ್ಮನಕಾಯಿ ಜಜ್ಜಿ ಹಾಕಿದರು. ಒಳಗಿನ ಕಪ್ಪು ಬೀಜ ತೆಗೆದು ಸಿಪ್ಪೆ ಮಾತ್ರ. ನಾಲಿಗೆ ಮೇಲೆ ಸಣ್ಣಗೆ ಜುಮ್ ಅನ್ನುತ್ತದೆ, ಬಂಗಡೆಯ ಎಣ್ಣೆಯಂಶಕ್ಕೆ ಅದು ಹೇಳಿ ಮಾಡಿಸಿದ್ದು. ನಮ್ಮವರು ಮುಳ್ಳು ಬಿಡಿಸಿ ಬಿಡಿಸಿ ಉಂಡರು, ಮತ್ತೆ ಅನ್ನ ಹಾಕಿಸಿಕೊಂಡರು.

ಮನೆ ಬಿಟ್ಟು ಇಷ್ಟು ದೂರ ಹೋದವರಿಗೆ ಆ ಊರಿನ ಊಟವೇ ಸಿಗಬೇಕು ಅನ್ನುವುದು ನನ್ನ ಮಾತು. ಅದು ಅಡುಗೆಮನೆ ಹಿಂದಿನ ಕಟ್ಟೆಯಲ್ಲಿ ಯಾಕಿರಬೇಕು?

ಕುಮಟೆ ಪೇಟೆ

ಟೀಚರ್ ಅಕ್ಕಾ, ಓದಿ ಬಾಯಲ್ಲಿ ನೀರು ಬಂತು. ನಾನು ಕುಮಟೆಯವನು, ಈಗ ಬೆಂಗಳೂರಲ್ಲಿದ್ದೇನೆ. ಜುಮ್ಮನಕಾಯಿ ಹಾಕದ ಬಂಗಡೆ ಸಾರನ್ನು ನಮ್ಮ ಆಯಿ ಸಾರು ಅಂತಲೇ ಕರೆಯುವುದಿಲ್ಲ.

ನೀವು ಇಷ್ಟು ದೂರ ಬಂದು ಅಘನಾಶಿನಿ ಹೊಳೆ ಕಡೆ ಹೋಗಲಿಲ್ಲ ಅನ್ನುವುದೊಂದೇ ನನಗೆ ಬೇಸರ. ಗೋಕರ್ಣದಿಂದ ತದಡಿ ಹತ್ತಿರವೇ. ಅಲ್ಲೇ ಹೊಳೆ ಕಡಲಿಗೆ ಸೇರುತ್ತದೆ. ಈ ಹೊಳೆಗೆ ಎಲ್ಲೂ ದೊಡ್ಡ ಅಣೆಕಟ್ಟಿಲ್ಲ, ಹಾಗಾಗಿ ಅಳಿವೆಯಲ್ಲಿ ಸಿಹಿನೀರು ಉಪ್ಪುನೀರು ಬೆರೆಯುವ ಹದ ಇನ್ನೂ ಉಳಿದಿದೆ. 2024ರ ಜನವರಿಯಲ್ಲಿ ಈ ಅಳಿವೆ ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿಯಾದ ರಾಮ್ಸರ್ ಪಟ್ಟಿಗೂ ಸೇರಿತು. ನೀರು ಇಳಿದಾಗ ಜನ ಕೆಸರಿಗೆ ಇಳಿದು ಬಳಚು ಅನ್ನುವ ಚಿಪ್ಪುಮೀನು ಆಯುತ್ತಾರೆ. ಎಷ್ಟೋ ಮನೆಗಳ ಒಲೆ ಅದರಿಂದಲೇ ಉರಿಯುತ್ತದೆ.

ಬಳಚಿನ ಸುಕ್ಕ ಸಿಕ್ಕರೆ ಬಿಡಬೇಡಿ. ತಂದ ಚಿಪ್ಪನ್ನು ಉಪ್ಪುನೀರಿನಲ್ಲಿ ನೆನೆಹಾಕಬೇಕು, ಒಳಗಿನ ಮರಳು ಬಿಡುತ್ತದೆ. ಆಮೇಲೆ ಬೇಯಿಸಿದರೆ ಬಾಯಿ ಬಿಡುತ್ತದೆ. ಬಾಯಿ ಬಿಡದ್ದನ್ನು ಬಿಸಾಕಬೇಕು, ತಿನ್ನಬಾರದು. ತೆಂಗಿನತುರಿ, ಮೆಣಸು, ಅರಿಶಿನ, ಹುಳಿ ಹಾಕಿ ಒಣ ಒಣ ಮಾಡುತ್ತಾರೆ. ಚಿಪ್ಪಿನ ರಸವೇ ಉಪ್ಪುಪ್ಪು, ಉಪ್ಪು ಹಾಕುವಾಗ ಕೈ ಬಿಗಿ ಹಿಡಿಯಬೇಕು.

ಗೋಕರ್ಣ ಪಕ್ಕದ ಸಾಣಿಕಟ್ಟೆಯಲ್ಲಿ ಉಪ್ಪಿನ ಆಗರ ಇದೆ. ಬೇಸಿಗೆಯಲ್ಲಿ ಬಂದರೆ ಉಪ್ಪು ಬಾಚಿ ರಾಶಿ ಹಾಕುವುದನ್ನು ನೋಡಬಹುದು. ಆದರೆ ಏಪ್ರಿಲ್, ಮೇನಲ್ಲಿ ಸೆಕೆ ತಡೆಯಲು ಆಗುವುದಿಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ. ಆ ಸೆಕೆಗೆ ಸಮಾಧಾನ ಎರಡೇ: ಅಂಕೋಲೆಯ ಇಶಾಡ ಮಾವು, ಹೆದ್ದಾರಿ ಬದಿ ಜಡೆ ಹೆಣೆದು ತೂಗುಹಾಕಿದ ಕುಮಟೆ ಸಿಹಿ ಈರುಳ್ಳಿ. ಇಶಾಡಕ್ಕೆ 2023ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿತು.

ಒಗ್ಗರಣೆ ಸೌಟು

ನಾನು ಕರಾವಳಿಯ ರೆಸಾರ್ಟ್ ಅಡುಗೆಮನೆಗಳಲ್ಲೇ ಕೆಲಸ ಮಾಡಿದವನು. ಮೇಡಂ ಕೇಳಿದ್ದಕ್ಕೆ ಒಳಗಿನ ಕಾರಣ ಹೇಳುತ್ತೇನೆ. ಅಡುಗೆಯವರಿಗೆ ಬರುವುದಿಲ್ಲ ಅಂತಲ್ಲ.

ಬಫೆ ಪಾತ್ರೆಯ ಕೆಳಗೆ ಬಿಸಿನೀರು, ಮೇಲೆ ಮುಚ್ಚಳ. ರವೆ ಹಚ್ಚಿ ಹುರಿದ ಮೀನನ್ನು ಅದರಲ್ಲಿ ಇಟ್ಟರೆ ಸ್ವಲ್ಪ ಹೊತ್ತಿಗೇ ಆವಿ ಕುಡಿದು ಮೆತ್ತಗಾಗುತ್ತದೆ. ಹುರಿದ ಮೀನು ಕಾವಲಿಯಿಂದ ತಟ್ಟೆಗೆ ನೇರ ಬರಬೇಕು. ಬಂಗಡೆ, ತಾರ್ಲೆಯಂಥ ಎಣ್ಣೆ ಮೀನು ಬಿಸಿಯಲ್ಲಿ ಹೊತ್ತು ಕಳೆದಷ್ಟೂ ವಾಸನೆ ಹೊಡೆಯುತ್ತದೆ, ಎಸಿ ಹಾಲಿನಲ್ಲಿ ಮೀನು ತಿನ್ನದವರು ಗಲಾಟೆ ಮಾಡುತ್ತಾರೆ. ಗೆಸ್ಟಿನ ಗಂಟಲಿಗೆ ಮುಳ್ಳು ಸಿಕ್ಕಿದರೆ ಬೈಸಿಕೊಳ್ಳುವವರು ನಾವು. ಬಾಸಾಗೆ ಈ ಯಾವ ತಾಪತ್ರಯವೂ ಇಲ್ಲ. ಸಿಹಿನೀರಿನಲ್ಲಿ ಸಾಕುವ ಮೀನು, ಮುಳ್ಳು ತೆಗೆದ ತುಂಡುಗಳು ಪ್ಯಾಕೆಟಿನಲ್ಲೇ ಬರುತ್ತವೆ, ವರ್ಷವಿಡೀ ಸಿಗುತ್ತದೆ, ದರ ಹೆಚ್ಚು ಕಮ್ಮಿ ಆಗುವುದಿಲ್ಲ. ಪರ್ಚೇಸಿನವರಿಗೆ ಅದೇ ಬೇಕು.

ಕಡಲ ಮೀನಿನ ಲೆಕ್ಕ ಬೇರೆ. ಇವತ್ತು ಬಲೆಗೆ ಏನು ಬಿತ್ತೋ ಅದು, ಅದರ ದರ. ಇಸ್ವಾಣದ (ಅಂಜಲ್ ಮೀನಿನ) ದರ ಈ ವಾರ ಒಂದು, ಮುಂದಿನ ವಾರ ಇನ್ನೊಂದು. ಮೂರು ಹೊತ್ತಿನ ಊಟ ಸೇರಿಸಿ ಮೊದಲೇ ದುಡ್ಡು ತಗೊಂಡ ಪ್ಯಾಕೇಜಿನಲ್ಲಿ ಅದನ್ನು ಹೊಂದಿಸುವುದು ಕಷ್ಟ.

ಹಾಗಾಗಿ ನನ್ನ ಸಲಹೆ ಇದು. ಬುಕ್ ಮಾಡುವಾಗ ಬರೀ ತಿಂಡಿ ಸೇರಿದ ರೂಮು ತಗೊಳ್ಳಿ. ಮೀನು ಬೇಕಿದ್ದರೆ ಹಿಂದಿನ ರಾತ್ರಿಯೇ ಅಡುಗೆಮನೆಗೆ ಹೇಳಿ. ಮೀನು ತರುವುದು ಬೆಳಿಗ್ಗೆ, ಮಧ್ಯಾಹ್ನ ಬಂದು ಕೇಳಿದರೆ ಫ್ರೀಜರಿನದ್ದೇ ಗತಿ. "ನಾಳೆ ಏನು ತಾಜಾ ಬರುತ್ತೋ ಅದನ್ನೇ ನಿಮ್ಮ ಸ್ಟಾಫ್ ಊಟದ ಥರ ಮಾಡಿ ಕೊಡಿ" ಅನ್ನಿ. ಇದನ್ನು ಕೇಳಿದರೆ ಅಡುಗೆಯವನಿಗೆ ಎಷ್ಟು ಖುಷಿಯಾಗುತ್ತದೆ ಗೊತ್ತಾ? ದಿನಾ ಮಂಚೂರಿ ಮಾಡಿ ಅವನಿಗೂ ಸಾಕಾಗಿರುತ್ತದೆ.

ಹುರಿಯುವ ಮೊದಲು ಹಸಿ ಮೀನನ್ನು ತಟ್ಟೆಯಲ್ಲಿ ತರಿಸಿ ನೋಡಿ, ದರ ಆಗಲೇ ಕೇಳಿ. ಕಣ್ಣು ಒಳಗೆ ಹೋಗಿರಬಾರದು, ಕಿವಿರು ಕೆಂಪಗಿರಬೇಕು, ಬೆರಳಲ್ಲಿ ಒತ್ತಿದರೆ ಮಾಂಸ ಮತ್ತೆ ಮೇಲೆ ಬರಬೇಕು. ತೋರಿಸಿ ಅಂತ ಕೇಳಲು ಸಂಕೋಚ ಬೇಡ.

ಹಾಸನದ ಗೃಹಿಣಿ

ಎಲ್ಲರೂ ಬಫೆಯನ್ನು ಬೈಯುತ್ತಿದ್ದೀರಿ. ನನಗೆ ಇಷ್ಟ ಆದದ್ದೇ ಅದು. ಯಾಕೆ ಅಂತ ಹೇಳುತ್ತೇನೆ.

ಮದುವೆಯಾದಾಗಿನಿಂದ ಬೆಳಿಗ್ಗೆ ಎದ್ದ ಕೂಡಲೇ ನನ್ನ ತಲೆಯಲ್ಲಿ ಬರುವುದು ಒಂದೇ ಪ್ರಶ್ನೆ, ಇವತ್ತು ತಿಂಡಿ ಏನು. ಅತ್ತೆಗೆ ಒಂದು, ಮಕ್ಕಳಿಗೆ ಒಂದು, ಡಬ್ಬಿಗೆ ಇನ್ನೊಂದು. ಹೋದ ವರ್ಷ ನಾನೂ ಮನೆಯವರೂ ಮರವಂತೆ ಕಡೆ ಹೋಗಿದ್ದಾಗ ಬೆಳಿಗ್ಗೆ ಕೆಳಗಿಳಿದು ಬಂದರೆ ಎಲ್ಲ ಮಾಡಿಟ್ಟಿದ್ದರು. ಒಬ್ಬ ಹುಡುಗ "ಅಮ್ಮಾ, ಕೂತ್ಕೊಳ್ಳಿ, ದೋಸೆ ಬಿಸಿ ತರ್ತೀನಿ" ಅಂದ. ನನಗೆ ಕಣ್ಣು ತುಂಬಿ ಬಂತು. ಬಿಸಿ ದೋಸೆಯನ್ನು ನಾನು ಕೂತು ತಿಂದಿದ್ದು ಯಾವಾಗ ಅಂತ ನೆನಪೇ ಇರಲಿಲ್ಲ.

ಹೋಟೆಲ್ ಹುಡುಕು, ದರ ಕೇಳು, ಮೀನಿನ ಕಿವಿರು ನೋಡು ಅಂದರೆ ಅದೂ ಕೆಲಸವೇ ಅಲ್ವಾ? ರಜೆಯಲ್ಲಿ ನನಗೆ ಯಾವ ತೀರ್ಮಾನವೂ ಬೇಡ. ಪನೀರ್ ಆದರೂ ಸರಿ, ಬೇರೆಯವರು ಮಾಡಿ ಬಡಿಸಿದ್ದು ಸಾಕು.

ದಾವಣಗೆರೆ ಟೀಚರ್

ಹಾಸನದ ಅಕ್ಕಾ, ನಿಮ್ಮ ಮಾತು ಮನಸ್ಸಿಗೆ ತಟ್ಟಿತು. ನಿಮಗೆ ಬೇಕಾದದ್ದು ವಿಶ್ರಾಂತಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೂತು ತಿನ್ನುವ ಬಿಸಿ ದೋಸೆ ನೀರ್ ದೋಸೆಯೇ ಆಗಿದ್ದರೆ, ಜೊತೆಗೆ ಕಾಯಿಬೆಲ್ಲ ಇದ್ದರೆ ಇನ್ನೂ ಚೆನ್ನ ಅಲ್ವಾ? ನಾನು ಕೇಳುವುದು ಅಷ್ಟೇ. ಹುಡುಕುವ ಕೆಲಸ ನಮಗೆ ಬೀಳಬಾರದು, ರೆಸಾರ್ಟಿನವರೇ ಅದನ್ನು ಮುಂದೆ ಇಡಬೇಕು.

ಒಗ್ಗರಣೆ ಸೌಟು ಅವರೇ, ಮಾಹಿತಿಗೆ ಧನ್ಯವಾದ. ಬಫೆ ಪಾತ್ರೆಯ ಆವಿ ವಿಷಯ ನನಗೆ ಹೊಳೆದೇ ಇರಲಿಲ್ಲ. ಹಾಗಾದರೆ ಸಾರು ಬಫೆಯಲ್ಲಿ ಇಡಬಹುದಲ್ಲ?

ಒಗ್ಗರಣೆ ಸೌಟು

ಖಂಡಿತ ಇಡಬಹುದು ಮೇಡಂ. ಇಸ್ವಾಣದಂಥ ಗಟ್ಟಿ ಮಾಂಸದ ಮೀನಾದರೆ ಸಾರು ತಡೆಯುತ್ತದೆ. ಬರೀ ಸಾರು ಒಂದು ಕಡೆ ಕಾಯಿಸಿಟ್ಟು, ಮೀನನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತಾ ಹೋಗಬೇಕು. ನಾನು ಇದ್ದ ಕಡೆ ಹಾಗೆ ಮಾಡಿದ್ದೇವೆ, ಮೊದಲು ಖಾಲಿಯಾಗುತ್ತಿದ್ದದ್ದೇ ಅದು.

ಮೈಸೂರು ದಂಪತಿ

ನಾವಿಬ್ಬರೂ ಸಸ್ಯಾಹಾರಿಗಳು. ಬೀಚ್ ಅಂದರೆ ಆಸೆ, ಆದರೆ ಹೋದಲ್ಲೆಲ್ಲ ನಮಗೆ ಉಳಿಯುವುದು ದಾಲ್ ಮತ್ತು ಗೋಬಿ. ಕರಾವಳಿಯಲ್ಲಿ ನಮಗೆ ಅಂತ ಏನಾದರೂ ಇದೆಯಾ?

ಶಿರಸಿ ಅತ್ತಿಗೆ

ಇದೆಯಾ ಅಂತ ಕೇಳುತ್ತೀರಲ್ಲ! ಉತ್ತರ ಕನ್ನಡದ ಸಸ್ಯಾಹಾರದ ಊಟ ತಿಂದವರು ಮೀನಿನವರನ್ನು ನೋಡಿ ಆಸೆಪಡುವುದಿಲ್ಲ.

ಮೊದಲು ಅಪ್ಪೆಹುಳಿ. ಅಪ್ಪೆಮಿಡಿ ಮಾವನ್ನು ಬೇಯಿಸಿ ಹಿಸುಕಿ, ನೀರು ಸೇರಿಸಿ, ಉಪ್ಪು ಹಾಕಿ, ಸಾಸಿವೆ, ಮೆಣಸು, ಇಂಗಿನ ಒಗ್ಗರಣೆ. ಅನ್ನಕ್ಕೆ ಕಲಸಿಕೊಳ್ಳಬಹುದು, ಆದರೆ ಲೋಟಕ್ಕೆ ಹಾಕಿಕೊಂಡು ಕುಡಿಯುವುದೇ ಸರಿ. ಕಡಲ ಬಿಸಿಲಲ್ಲಿ ಸುತ್ತಿ ಬಂದವರಿಗೆ ಕುಡಿದ ಮೇಲೆ ಕಣ್ಣು ಎಳೆಯುತ್ತದೆ. ಆಮೇಲೆ ತಂಬುಳಿ. ಒಂದೆಲಗ, ದೊಡ್ಡಪತ್ರೆ, ಮಜ್ಜಿಗೆ, ಕಾಯಿ. ಇದಕ್ಕೆ ಒಲೆಯ ಕೆಲಸವೂ ಹೆಚ್ಚಿಲ್ಲ, ಯಾವ ರೆಸಾರ್ಟ್ ಬೇಕಾದರೂ ಮಾಡಬಹುದು. ತಿಂಡಿಗೆ ತೆಳ್ಳೇವು (ತೆಳು ದೋಸೆ), ಬಾಳೆಹಣ್ಣಿನ ಬನ್ಸ್, ಮಳೆಗಾಲವಾದರೆ ಕೆಸುವಿನ ಎಲೆಯ ಪತ್ರೊಡೆ.

ರೆಸಾರ್ಟಿನ ಹೊರಗೆ ಬನ್ನಿ. ಗೋಕರ್ಣದ ರಥಬೀದಿ ಸುತ್ತ ಸಣ್ಣ ಖಾನಾವಳಿಗಳಿವೆ. ಊಟದ ಹೊತ್ತಿಗೇ ಹೋಗಬೇಕು, ತಡ ಮಾಡಿದರೆ ಅನ್ನ ಸಾರು ಮಾತ್ರ ಉಳಿದಿರುತ್ತದೆ.

ಕಾಪು ದೀಪಸ್ತಂಭ

ಎಲ್ಲರೂ ಗೋಕರ್ಣ ಗೋಕರ್ಣ ಅನ್ನುತ್ತೀರಿ ಮಾರಾಯ್ರೆ, ಉಡುಪಿ ಕಡೆಯನ್ನೂ ನೋಡಿ. ನಮ್ಮ ಕಾಪುವಿನ ದೀಪಸ್ತಂಭ 1901ರದ್ದು, ಸಂಜೆ ಮೇಲೆ ಹತ್ತಲು ಬಿಡುತ್ತಾರೆ. ಪಡುಬಿದ್ರಿ ಬೀಚಿಗೂ ಹೊನ್ನಾವರದ ಕಾಸರಕೋಡಿಗೂ 2020ರಲ್ಲಿ ಸ್ವಚ್ಛ, ಸುರಕ್ಷಿತ ಬೀಚುಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿದೆ. ಶೌಚಾಲಯ, ಬಟ್ಟೆ ಬದಲಿಸುವ ಜಾಗ, ಜೀವರಕ್ಷಕರು ಇದ್ದಾರೆ. ಗಂಡ ಹೆಂಡತಿ ಇಬ್ಬರೇ ಬಂದಾಗ ಇದು ದೊಡ್ಡ ಅನುಕೂಲ.

ಊಟಕ್ಕೆ ನಮ್ಮಲ್ಲಿ ಕೊರತೆಯೇ ಇಲ್ಲ. ಬೂತಾಯಿ ಪುಳಿಮುಂಚಿ, ಕಾಣೆ ಫ್ರೈ, ಕೋಳಿ ಸಾರು ಹಾಕಿ ನೆನೆಸಿದ ಕೋರಿ ರೊಟ್ಟಿ. ಘೀ ರೋಸ್ಟ್ ಬೇಕಾದರೆ ಅದರ ತವರು ಕುಂದಾಪುರಕ್ಕೇ ಹೋಗಿ. ಸಂಜೆ ಗೋಳಿಬಜೆ, ಆಮೇಲೆ ಗಡ್‌ಬಡ್ ಐಸ್‌ಕ್ರೀಂ. ಹಾಸನದ ಅಕ್ಕ ಮರವಂತೆಗೆ ಬಂದಿದ್ದರು ಅಂತ ಓದಿ ಖುಷಿಯಾಯಿತು. ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ, ನಡುವೆ ಹೆದ್ದಾರಿ. ಆದರೆ ಅಲ್ಲಿ ನೀರಿಗೆ ಇಳಿಯುವುದಕ್ಕಿಂತ ದಡದಲ್ಲಿ ಕೂರುವುದೇ ಒಳ್ಳೆಯದು, ಸೆಳೆತ ಜೋರು.

ಹುಬ್ಬಳ್ಳಿ ಹುಡುಗ

ಮದುವೆಯಾಗಿ ಹೊಸತು, ಜುಲೈನಲ್ಲಿ ಮಾತ್ರ ರಜೆ ಸಿಗುತ್ತದೆ. ರೆಸಾರ್ಟಿನವರು ಅರ್ಧ ದರಕ್ಕೆ ಕೊಡುತ್ತೇವೆ ಅಂತಿದ್ದಾರೆ. ಹೋಗಬಹುದಾ?

ಕುಮಟೆ ಪೇಟೆ

ಹೋಗಬಹುದು ತಮ್ಮಾ, ಆದರೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಅಂತ ತಿಳಿದು ಹೋಗಿ. ಕಡಲಿಗೆ ಇಳಿಯುವಂತಿಲ್ಲ. ಕೆಂಪು ಬಾವುಟ ಇದ್ದರೆ ಮೊಣಕಾಲು ನೀರಿಗೂ ಹೋಗಬೇಡಿ. ಮಳೆಗಾಲದಲ್ಲಿ ಅಲೆ ಕಾಲಡಿಯ ಮರಳನ್ನೇ ಎಳೆದುಕೊಂಡು ಹೋಗುತ್ತದೆ. ಗೋಕರ್ಣದ ಕಡೆ ಬಂಡೆ ಬೇರೆ, ಫೋಟೋ ತೆಗೆಯಲು ಹಾವಸೆ ಕಟ್ಟಿದ ಬಂಡೆ ಹತ್ತಿ ಜೀವ ಕಳೆದುಕೊಂಡವರಿದ್ದಾರೆ. ಇದನ್ನು ಕಳಕಳಿಯಿಂದ ಹೇಳುತ್ತಿದ್ದೇನೆ.

ಮೀನಿನ ಕತೆ ಹೀಗಿದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಮೀನು ಮೊಟ್ಟೆ ಇಡುವ ಕಾಲ. ಪೂರ್ವ ಕರಾವಳಿಯಲ್ಲಿ ಆ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಹಾಗಾಗಿ ಜುಲೈನಲ್ಲಿ ನಿಮ್ಮ ತಟ್ಟೆಗೆ ಬರುವ ದೊಡ್ಡ ಮೀನು ಐಸಿನಲ್ಲಿ ಆ ಕಡೆಯಿಂದ ಬಂದದ್ದೋ ಕೋಲ್ಡ್ ಸ್ಟೋರೇಜಿನದ್ದೋ ಆಗಿರುವ ಸಾಧ್ಯತೆಯೇ ಜಾಸ್ತಿ. ನಾಡದೋಣಿಯವರು ತಂದ ಸ್ವಲ್ಪ ಮೀನು, ಹೊಳೆ ಮೀನು ಸಿಕ್ಕರೆ ಅದೃಷ್ಟ. ಇಸ್ವಾಣ ಕೇಳುವ ಬದಲು ಒಣಮೀನಿನ ಚಟ್ನಿ, ಕಳಲೆ ಪಲ್ಯ, ಪತ್ರೊಡೆ ಕೇಳಿ. ಮಳೆಗಾಲದ ನಮ್ಮ ಊಟವೇ ಅದು, ಮಳೆ ನೋಡುತ್ತಾ ತಿನ್ನಲು ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ.

ರಜೆ ಸ್ವಲ್ಪ ಮುಂದಕ್ಕೆ ಹಾಕಲು ಸಾಧ್ಯವಾದರೆ ಅಕ್ಟೋಬರ್ ಕೊನೆಗೆ ಬನ್ನಿ. ಮಳೆ ಹಿಂದೆ ಸರಿದಿರುತ್ತದೆ, ದೋಣಿಗಳು ಓಡುತ್ತಿರುತ್ತವೆ.

ಹುಬ್ಬಳ್ಳಿ ಹುಡುಗ

ಧನ್ಯವಾದ ಅಣ್ಣಾ. ಜುಲೈಗೇ ಹೋಗುತ್ತೇವೆ, ನಮ್ಮಾಕೆಗೆ ಮಳೆ ಅಂದರೆ ಪ್ರಾಣ. ನೀರಿಗೆ ಇಳಿಯುವುದಿಲ್ಲ. ಪತ್ರೊಡೆ ಮಾಡಿಕೊಡುತ್ತೀರಾ ಅಂತ ಇವತ್ತೇ ಫೋನ್ ಮಾಡಿ ಕೇಳಿದೆ. ಇಲ್ಲ, ಬಫೆ ಮಾತ್ರ ಅಂದರು. ಒಗ್ಗರಣೆ ಸೌಟು ಅವರು ಹೇಳಿದಂತೆ ಸ್ಟಾಫಿಗೆ ಏನು ಮಾಡುತ್ತೀರಿ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬನ್ನಿ ಸರ್, ಹಿಂದಿನ ದಿನ ಹೇಳಿದರೆ ಮಾಡಿಸೋಣ" ಅಂದರು.

ಮೈಸೂರು ದಂಪತಿ

ಶಿರಸಿ ಅತ್ತಿಗೆ, ನಾವು ಜನವರಿಗೆ ಬುಕ್ ಮಾಡಿದೆವು, ಬರೀ ತಿಂಡಿ ಸೇರಿದ ರೂಮು. ಬೆಂಗಳೂರಿಂದ ಪಂಚಗಂಗಾ ಎಕ್ಸ್‌ಪ್ರೆಸ್‌ನಲ್ಲಿ ಬರುತ್ತೇವೆ. ಜನವರಿಯಲ್ಲಿ ಅಪ್ಪೆಹುಳಿ ಸಿಗುತ್ತದಾ?

ಶಿರಸಿ ಅತ್ತಿಗೆ

ಹೊಸ ಮಿಡಿ ಆಗ ಇನ್ನೂ ಬಂದಿರುವುದಿಲ್ಲ. ಆದರೆ ನಮ್ಮಲ್ಲಿ ಉಪ್ಪುನೀರಿನಲ್ಲಿ ಹಾಕಿಟ್ಟ ಮಿಡಿ ವರ್ಷವಿಡೀ ಇರುತ್ತದೆ, ಅದರಿಂದಲೂ ಮಾಡುತ್ತಾರೆ. ಉಪ್ಪು ಬಿಡಲು ನೀರಿನಲ್ಲಿ ನೆನೆಸಬೇಕು, ಹಾಗಾಗಿ ಇದನ್ನೂ ಹಿಂದಿನ ದಿನವೇ ಹೇಳಿ. ರೈಲು ಇಳಿಯುವುದು ಗೋಕರ್ಣ ರೋಡ್ ಸ್ಟೇಷನ್ನಿನಲ್ಲಿ, ಅದು ಊರಿನಿಂದ ದೂರ ಇದೆ. ಆಟೋ ದರ ಹತ್ತುವ ಮೊದಲೇ ಮಾತಾಡಿಕೊಳ್ಳಿ.